ಇಪ್ಪತ್ತೊಂದು ಪಾತ್ರಗಳು, ಏಳು ಚೀಟಿಗಳು

ಪ್ರತಿ ಯುಗಾದಿ ಸಂಚಿಕೆಗೂ ನನ್ನಿಂದ ಒಂದು ಆರೋಗ್ಯ ಲೇಖನ ಬರೆಸಿಕೊಳ್ಳುವುದು ನಮ್ಮ ಕನ್ನಡ ಕೂಟದ ವಾಡಿಕೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲವೂ ಮುಗಿದಿವೆ. "ಡಾಕ್ಟ್ರೇ, ಹೋಳಿಗೆ ತಿನ್ನಬೇಡಿ ಅನ್ನೋದನ್ನ ಬಿಟ್ಟು ಈ ಸಲ ಬೇರೆ ಏನಾದರೂ ಬರೀರಿ" ಎಂದು ಸಂಪಾದಕರು ಫೋನಿನಲ್ಲಿ ಬೇಡಿಕೊಂಡರು. ಆಗ ನೆನಪಾದದ್ದು 2023ರ ಮಾರ್ಚ್ 12ರ ರಾತ್ರಿ ನಮ್ಮ ಮನೆಯಲ್ಲಿ ನಡೆದ ಒಂದು ಜಗಳ. ಜಗಳಕ್ಕೆ ಕಾರಣ ಮೆರಿಲ್ ಸ್ಟ್ರೀಪ್!

ನಿಮ್ಮಲ್ಲಿ ಹಲವರಿಗೆ ಆ ಭಾನುವಾರ ನೆನಪಿರಬಹುದು. ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ ದಿನ ಅದು. ಹೋದ ಒಂದು ಗಂಟೆ ನಿದ್ದೆಯನ್ನು ಶಪಿಸುತ್ತಲೇ ಮೂರು ಮನೆಯವರು ನಮ್ಮಲ್ಲಿ ಸೇರಿದ್ದೆವು. ‘ನಾಟು ನಾಟು’ ಹಾಡಿಗೆ ಆಸ್ಕರ್ ಬರುತ್ತದೆಯೇ ಎಂದು ನೋಡುವ ಆಸೆ. ಬಿಸಿಬೇಳೆ ಭಾತ್, ಆಂಬೊಡೆ, ಶಾವಿಗೆ ಪಾಯಸ ಎಲ್ಲ ಇತ್ತು. ಆದರೆ ಆಸ್ಕರ್ ಸಮಾರಂಭ ನಮ್ಮೂರ ರಾತ್ರಿಯಿಡೀ ನಡೆಯುವ ಯಕ್ಷಗಾನದ ದೂರದ ಸಂಬಂಧಿ. ಬೇಕಾದ ಪ್ರಸಂಗ ಬರುವ ಹೊತ್ತಿಗೆ ಮಕ್ಕಳು ಮಲಗಿರುತ್ತವೆ. ಹೊತ್ತು ಕಳೆಯಲು ಮಾತು ನಟಿಯರ ಕಡೆ ತಿರುಗಿತು, ನಟಿಯರೆಂದ ಮೇಲೆ ಮೆರಿಲ್ ಸ್ಟ್ರೀಪ್ ಬರಲೇಬೇಕು. "ಆಕೆಗೆ ನಾಮಿನೇಷನ್ ಬಂದ ಪಾತ್ರಗಳಲ್ಲಿ ಯಾವುದು ಅತ್ಯುತ್ತಮ?" ಎಂದು ನಮ್ಮ ಮಗಳು ಒಂದು ಪ್ರಶ್ನೆ ಎಸೆದಳು. ಅಷ್ಟೇ ಸಾಕಾಯಿತು.

ಸಿನಿಮಾ ನೋಡದ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ. ಮೆರಿಲ್ ಸ್ಟ್ರೀಪ್ ಹುಟ್ಟಿದ್ದು 1949ರಲ್ಲಿ, ನ್ಯೂಜೆರ್ಸಿಯಲ್ಲಿ. ಯೇಲ್ ವಿಶ್ವವಿದ್ಯಾಲಯದ ನಾಟಕ ಶಾಲೆಯಲ್ಲಿ ಓದು. 1978ರ ‘ದ ಡಿಯರ್ ಹಂಟರ್’ ಚಿತ್ರದಿಂದ 2017ರ ‘ದ ಪೋಸ್ಟ್’ ಚಿತ್ರದವರೆಗೆ ಆಕೆಗೆ ಬಂದ ಆಸ್ಕರ್ ನಾಮನಿರ್ದೇಶನಗಳು 21. ಅದರಲ್ಲಿ 17 ಮುಖ್ಯ ನಟಿಯಾಗಿ, 4 ಪೋಷಕ ನಟಿಯಾಗಿ. ನಟನೆಗೆ ಇಷ್ಟು ಬಾರಿ ನಾಮಿನೇಟ್ ಆದವರು ಇನ್ನೊಬ್ಬರಿಲ್ಲ. ಆಕೆಯ ನಂತರ ಬರುವ ಕ್ಯಾಥರೀನ್ ಹೆಪ್‌ಬರ್ನ್ ಮತ್ತು ಜ್ಯಾಕ್ ನಿಕಲ್ಸನ್ ಇಬ್ಬರಿಗೂ ಹನ್ನೆರಡು ಹನ್ನೆರಡು. ಆದರೆ ಸ್ಟ್ರೀಪ್ ಗೆದ್ದದ್ದು ಮೂರೇ ಸಲ: ‘ಕ್ರೇಮರ್ ವರ್ಸಸ್ ಕ್ರೇಮರ್’ (1979), ‘ಸೋಫೀಸ್ ಚಾಯ್ಸ್’ (1982), ‘ದ ಐರನ್ ಲೇಡಿ’ (2011). ಹೆಪ್‌ಬರ್ನ್ ಗೆದ್ದದ್ದು ನಾಲ್ಕು. ಹದಿನೆಂಟು ಸಲ ಚೆನ್ನಾಗಿ ಡ್ರೆಸ್ ಮಾಡಿಕೊಂಡು ಹೋಗಿ ಬೇರೆಯವರಿಗೆ ಚಪ್ಪಾಳೆ ತಟ್ಟಿ ಬರುವುದೂ ಒಂದು ನಟನೆಯೇ ಅಲ್ಲವೇ?

ಆಸ್ಕರಿನವರ ಕೆಲಸ ಒಂದು ರೀತಿಯಲ್ಲಿ ಸುಲಭ. ಆ ವರ್ಷದ ಐದು ಜನರಲ್ಲಿ ಒಬ್ಬರನ್ನು ಆರಿಸಿದರೆ ಮುಗಿಯಿತು. ಅಭಿಮಾನಿಗಳ ಕೆಲಸ ಕಷ್ಟ. ನಾವು ಆಕೆಯನ್ನು ಆಕೆಯ ಜೊತೆಗೇ ಹೋಲಿಸಬೇಕು. ನಮ್ಮ ಇಂಜಿನಿಯರ್ ಮಿತ್ರರು ತಕ್ಷಣ ನಿಯಮ ರೂಪಿಸಿದರು. ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಇಪ್ಪತ್ತೊಂದನ್ನೂ ಕ್ರಮವಾಗಿ ಬರೆಯಬೇಕು. ಮೊದಲನೆಯದಕ್ಕೆ 21 ಅಂಕ, ಕೊನೆಯದಕ್ಕೆ 1. ನೋಡದ ಚಿತ್ರಕ್ಕೆ ಸೊನ್ನೆ. ಪಕ್ಕದವರ ಚೀಟಿ ನೋಡಿ ಕಾಪಿ ಹೊಡೆಯುವಂತಿಲ್ಲ. ಏಳು ಜನ ಚೀಟಿ ಬರೆದೆವು. ಮೈಸೂರಿನಿಂದ ಮಗನ ಮನೆಗೆ ಬಂದಿದ್ದ 78 ವರ್ಷದ ಅಮ್ಮನವರೊಬ್ಬರು ಮಾತ್ರ ಕನ್ನಡಕ ತೆಗೆದಿಟ್ಟು, "ಇದರಲ್ಲಿ ಕಲ್ಪನಾ ಎಲ್ಲಪ್ಪಾ?" ಎಂದು ಕೇಳಿದರು. ಅವರ ಮತವನ್ನು ಅಸಿಂಧು ಎಂದು ಘೋಷಿಸಿ, ಸಮಾಧಾನಕ್ಕೆ ಇನ್ನೊಂದು ಸೌಟು ಪಾಯಸ ಬಡಿಸಿದೆವು.

ಚೀಟಿ ಬಿಚ್ಚಿದಾಗ ನೋಡಿ, ಏಳು ಜನರ ಮೊದಲ ಸ್ಥಾನವೂ ಬೇರೆ ಬೇರೆ!

ನಮ್ಮ ಮಗಳದು ‘ದ ಡೆವಿಲ್ ವೇರ್ಸ್ ಪ್ರಾಡಾ’. ಆಕೆ ಆಗ ತಾನೇ ಕೆಲಸಕ್ಕೆ ಸೇರಿದ್ದಳು. ಧ್ವನಿ ಏರಿಸದೆ, ಪಿಸುಮಾತಿನಲ್ಲೇ ಎದುರಿನವರ ರಕ್ತ ಹೆಪ್ಪುಗಟ್ಟಿಸುವ ಮ್ಯಾನೇಜರು ಹೇಗಿರುತ್ತಾರೆಂದು ತನಗೆ ಪ್ರತಿ ಸೋಮವಾರ ತಿಳಿಯುತ್ತದೆ ಎಂದಳು. ಇಂಜಿನಿಯರ್ ಮಿತ್ರರದು ‘ಸಿಲ್ಕ್‌ವುಡ್’. ಓಕ್ಲಹೋಮಾದ ಪ್ಲುಟೋನಿಯಂ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾ, ಅಲ್ಲಿನ ಸುರಕ್ಷತೆಯ ಲೋಪಗಳನ್ನು ಪತ್ರಕರ್ತರಿಗೆ ತಿಳಿಸಲು ಹೊರಟು, 1974ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ ಕ್ಯಾರೆನ್ ಸಿಲ್ಕ್‌ವುಡ್ ಎಂಬಾಕೆಯ ನಿಜ ಕಥೆ. ನಮ್ಮ ಮಿತ್ರರು ಇಪ್ಪತ್ತು ವರ್ಷ ರಾಸಾಯನಿಕ ಕಾರ್ಖಾನೆಯಲ್ಲಿದ್ದವರು. "ಆ ಮೈ ಉಜ್ಜಿ ತೊಳೆಯುವ ದೃಶ್ಯ ಬಂದಾಗ ನಾನು ಈಗಲೂ ಎದ್ದು ಅಡುಗೆಮನೆಗೆ ಹೋಗುತ್ತೇನೆ" ಎಂದರು. ಇನ್ನೊಬ್ಬ ಗೆಳತಿ ವಾರಾಂತ್ಯದಲ್ಲಿ ಮಕ್ಕಳಿಗೆ ಸಂಗೀತ ಕಲಿಸುವವರು. ಅವರು ‘ಮ್ಯೂಸಿಕ್ ಆಫ್ ದ ಹಾರ್ಟ್’ ಎಂದರು. ನಕ್ಕೆವು. ಆದರೆ ಹಾರ್ಲೆಮ್ಮಿನ ಬಡ ಮಕ್ಕಳಿಗೆ ಪಿಟೀಲು ಕಲಿಸುವ ಆ ಪಾತ್ರಕ್ಕಾಗಿ ಸ್ಟ್ರೀಪ್ ಪಿಟೀಲು ಕಲಿತದ್ದನ್ನು ಹೇಳಿ, "ಶ್ರುತಿ ಸೇರದ ಮಕ್ಕಳ ಮುಂದೆ ಮುಖ ಸಿಂಡರಿಸದೆ ಇರುವುದು ಎಂಥ ನಟನೆ ಅಂತ ನಿಮಗೇನು ಗೊತ್ತು?" ಎಂದು ನಮ್ಮ ಬಾಯಿ ಮುಚ್ಚಿಸಿದರು.

ಅವರ ಪತಿ ಕ್ಯಾನ್ಸರ್ ತಜ್ಞರು. ಅವರ ಮೊದಲ ಸ್ಥಾನ ‘ದ ಡಿಯರ್ ಹಂಟರ್’. ಅದರಲ್ಲಿ ಆಕೆಯದು ಚಿಕ್ಕ ಪಾತ್ರ. ಯಾಕೆಂದು ಕೇಳಿದರೆ ಅವರು ಪಾತ್ರದ ಬಗ್ಗೆ ಹೇಳಲೇ ಇಲ್ಲ. ಆಗ ಸ್ಟ್ರೀಪಳ ಸಂಗಾತಿಯಾಗಿದ್ದ ನಟ ಜಾನ್ ಕಝಾಲ್ ಕೂಡ ಅದೇ ಚಿತ್ರದಲ್ಲಿ ನಟಿಸುತ್ತಿದ್ದ. ‘ಗಾಡ್‌ಫಾದರ್’ನಲ್ಲಿ ಫ್ರೆಡೋ ಆಗಿದ್ದವನು ಆತನೇ. ಚಿತ್ರೀಕರಣದ ಹೊತ್ತಿಗಾಗಲೇ ಆತನಿಗೆ ಶ್ವಾಸಕೋಶದ ಕ್ಯಾನ್ಸರ್. ಚಿತ್ರ ತೆರೆ ಕಾಣುವ ಮೊದಲೇ, 1978ರ ಮಾರ್ಚಿನಲ್ಲಿ, 42ನೆಯ ವಯಸ್ಸಿಗೆ ಆತ ತೀರಿಕೊಂಡ. ಆಕೆ ಕೊನೆಯವರೆಗೂ ಆತನ ಆರೈಕೆ ಮಾಡಿದಳು. "ನಾನು ದಿನಾ ನೋಡುವುದು ಅಂಥವರನ್ನೇ. ಹೊರಗೆ ಬಂದು ಕೆಲಸ ಮಾಡ್ತಾರೆ, ನಗ್ತಾರೆ, ಮತ್ತೆ ಒಳಗೆ ಹೋಗ್ತಾರೆ" ಎಂದು ಸುಮ್ಮನಾದರು.

ಇಂಜಿನಿಯರ್ ಮಿತ್ರರ ಪತ್ನಿ ಮಕ್ಕಳ ವೈದ್ಯೆ. ಅವರ ಚೀಟಿಯಲ್ಲಿ ಮೊದಲು ‘ಕ್ರೇಮರ್ ವರ್ಸಸ್ ಕ್ರೇಮರ್’. ನಮ್ಮವರು ಇದನ್ನು ಹಿಂದಿಯ ‘ಅಕೇಲೇ ಹಮ್ ಅಕೇಲೇ ತುಮ್’ ಮೂಲಕ ಹೆಚ್ಚು ಬಲ್ಲರು. ಗಂಡನನ್ನೂ ಪುಟ್ಟ ಮಗನನ್ನೂ ಬಿಟ್ಟು ಹೊರಟುಹೋಗುವ ತಾಯಿ, ಆಮೇಲೆ ಬಂದು ಮಗನನ್ನು ಕೇಳುತ್ತಾಳೆ. ಪ್ರೇಕ್ಷಕರಿಗೆಲ್ಲ ಆಕೆಯ ಮೇಲೆ ಸಿಟ್ಟು ಬರುವಂತೆ ಕಥೆ ಇದೆ. ನ್ಯಾಯಾಲಯದಲ್ಲಿ ತಾಯಿ ಆಡುವ ಮಾತನ್ನು ಸ್ಟ್ರೀಪ್ ತಾನೇ ತಿದ್ದಿ ಬರೆದುಕೊಂಡಳೆಂಬುದು ಪ್ರಸಿದ್ಧ ಸಂಗತಿ. ನಮ್ಮ ಗೆಳತಿ ರೆಸಿಡೆನ್ಸಿಗೆಂದು ಇಲ್ಲಿಗೆ ಬಂದಾಗ ಒಂದೂವರೆ ವರ್ಷದ ಮಗಳನ್ನು ಹುಬ್ಬಳ್ಳಿಯಲ್ಲಿ ಅಜ್ಜಿಯ ಬಳಿ ಬಿಟ್ಟು ಬಂದವರು. ಎರಡು ವರ್ಷ ಕಳೆದು ಕರೆತರಲು ಹೋದರೆ ಮಗು ಅಜ್ಜಿಯ ಸೆರಗಿನ ಹಿಂದೆ ಅಡಗಿ, "ಈ ಆಂಟಿ ಯಾವಾಗ ಹೋಗ್ತಾರೆ?" ಎಂದಿತಂತೆ. ಇಪ್ಪತ್ತು ವರ್ಷದ ಸ್ನೇಹದಲ್ಲಿ ಈ ಮಾತನ್ನು ಅವರ ಬಾಯಿಂದ ನಾವು ಕೇಳಿದ್ದು ಅದೇ ಮೊದಲು.

ಇನ್ನು ನನ್ನ ಹೆಂಡತಿಯ ಚೀಟಿ. ಮೊದಲ ಸ್ಥಾನ: ‘ದ ಬ್ರಿಡ್ಜಸ್ ಆಫ್ ಮ್ಯಾಡಿಸನ್ ಕೌಂಟಿ’. ಗೆಳೆಯರೆಲ್ಲ ನನ್ನ ಕಡೆ ನೋಡಿ ಕೆಮ್ಮಿದರು! ನೋಡಿದವರಿಗೆ ಕೆಮ್ಮಿನ ಅರ್ಥ ಗೊತ್ತು. ಅಯೋವಾದ ಜೋಳದ ಹೊಲಗಳ ನಡುವೆ ಬದುಕುವ ಇಟಾಲಿಯನ್ ಗೃಹಿಣಿ, ನಾಲ್ಕು ದಿನದ ಅತಿಥಿಯಾಗಿ ಬರುವ ಫೋಟೋಗ್ರಾಫರ್. ನನ್ನಾಕೆ ಮಾತ್ರ ನಗಲಿಲ್ಲ. "ನನಗೆ ಆ ಫೋಟೋಗ್ರಾಫರ್ ಮುಖ್ಯ ಅಲ್ಲ. ಆಕೆ ಅಡುಗೆಮನೆ ಕಿಟಕಿಯಿಂದ ಹೊರಗೆ ನೋಡ್ತಾಳಲ್ಲ, ಅದು ಮುಖ್ಯ" ಎಂದಳು. 1997ರಲ್ಲಿ ಆಕೆ ನನ್ನ ಹಿಂದೆ ಈ ದೇಶಕ್ಕೆ ಬಂದಾಗ ನಮ್ಮ ಅಪಾರ್ಟ್‌ಮೆಂಟಿನ ಕಿಟಕಿಯಾಚೆಗೂ ಜೋಳದ ಹೊಲವೇ ಇದ್ದದ್ದು. ನಾನು ಮೂವತ್ತಾರು ಗಂಟೆಯ ಡ್ಯೂಟಿ ಮುಗಿಸಿ ಬಂದು ಮಲಗುತ್ತಿದ್ದೆ. ಆಕೆ ಹೊಲ ನೋಡುತ್ತಿದ್ದಳು. ಮಳೆಯಲ್ಲಿ ನಿಂತ ಲಾರಿಯೊಳಗೆ ಆ ಗೃಹಿಣಿಯ ಕೈ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದು, ಕೊನೆಗೂ ತೆರೆಯದೆ ಉಳಿಯುವ ದೃಶ್ಯವನ್ನು ನಾವು ಒಟ್ಟಿಗೇ ನೋಡಿದ್ದೆವು. ಆಗ ನಾನು ಅದನ್ನು ಒಳ್ಳೆಯ ನಟನೆ ಎಂದಷ್ಟೇ ತಿಳಿದಿದ್ದೆ.

ಅಂಕ ಕೂಡಿಸಿದಾಗ ಒಂದು ತಮಾಷೆ ಆಯಿತು. ಒಟ್ಟಿನಲ್ಲಿ ಗೆದ್ದದ್ದು ‘ಸೋಫೀಸ್ ಚಾಯ್ಸ್’. ಒಬ್ಬರೂ ಅದಕ್ಕೆ ಮೊದಲ ಸ್ಥಾನ ಕೊಟ್ಟಿರಲಿಲ್ಲ, ಆದರೆ ಹೆಚ್ಚುಕಡಿಮೆ ಎಲ್ಲರೂ ಎರಡನೆಯದೋ ಮೂರನೆಯದೋ ಕೊಟ್ಟಿದ್ದರು! ನಾಜಿ ಶಿಬಿರದ ಬಾಗಿಲಲ್ಲಿ ಇಬ್ಬರು ಮಕ್ಕಳಲ್ಲಿ ಯಾರನ್ನು ಉಳಿಸಿಕೊಳ್ಳುತ್ತೀಯ ಎಂಬ ಪ್ರಶ್ನೆಗೆ ಗುರಿಯಾಗುವ ಪೋಲಿಷ್ ತಾಯಿ. ಆ ಪಾತ್ರಕ್ಕಾಗಿ ಸ್ಟ್ರೀಪ್ ಪೋಲಿಷ್ ಭಾಷೆ ಕಲಿತಿದ್ದಳು. ನಾನು ಅದನ್ನು 1988ರಲ್ಲಿ ಮೆಡಿಕಲ್ ಕಾಲೇಜಿನ ಹಾಸ್ಟೆಲಿನಲ್ಲಿ, ಬಾಡಿಗೆ ವಿಸಿಆರ್‌ನಲ್ಲಿ ನೋಡಿದ್ದೆ. ಮುಗಿದ ಮೇಲೆ ಲೈಟು ಹಾಕಲು ಯಾರೂ ಏಳಲಿಲ್ಲ. ಅತ್ಯುತ್ತಮ ಯಾವುದೆಂದರೆ ಎಲ್ಲರೂ ಒಪ್ಪುತ್ತಾರೆ. ಆದರೆ ಚೀಟಿಯ ತಲೆಯ ಮೇಲೆ ಬರೆಯುವಾಗ ಕೈ ಬೇರೆ ಏನನ್ನೋ ಬರೆಯುತ್ತದೆ.

ನನ್ನ ಚೀಟಿಯೂ ಹಾಗೇ ಆಯಿತು. ನಾನು ಬರೆದದ್ದು ‘ಎ ಕ್ರೈ ಇನ್ ದ ಡಾರ್ಕ್’ (1988). ಎಲ್ಲರೂ ಗದ್ದಲ ಮಾಡಿದರು. "ಆ ಕಪ್ಪು ವಿಗ್ಗಿನ ಸಿನಿಮಾನಾ? ಆಕೆ ಅದರಲ್ಲಿ ಸರಿಯಾಗಿ ಅಳೋದೂ ಇಲ್ಲ!" ಎಂದರು ಕ್ಯಾನ್ಸರ್ ತಜ್ಞರು. ಆ ರಾತ್ರಿ ನಾನು ನಕ್ಕು ತೇಲಿಸಿಬಿಟ್ಟೆ. ಕಾರಣ ಇಲ್ಲಿ ಬರೆಯುತ್ತಿದ್ದೇನೆ.

ಅದು ನಡೆದ ಕಥೆ. 1980ರ ಆಗಸ್ಟ್ 17ರಂದು ಆಸ್ಟ್ರೇಲಿಯಾದ ನಡುಭಾಗದಲ್ಲಿ, ಆಗ ಏರ್ಸ್ ರಾಕ್ ಎಂದು ಕರೆಯುತ್ತಿದ್ದ ಉಲುರು ಬಂಡೆಯ ಹತ್ತಿರ, ಲಿಂಡಿ ಚೇಂಬರ್ಲೇನ್ ಎಂಬಾಕೆಯ ಒಂಬತ್ತು ವಾರದ ಮಗು ಅಜಾರಿಯಾ ಡೇರೆಯಿಂದ ಕಾಣೆಯಾಯಿತು. ಡಿಂಗೊ, ಅಂದರೆ ಅಲ್ಲಿನ ಕಾಡುನಾಯಿ, ಮಗುವನ್ನು ಎತ್ತಿಕೊಂಡು ಹೋಯಿತು ಎಂದು ತಾಯಿ ಮೊದಲ ಕ್ಷಣದಿಂದ ಹೇಳಿದಳು. ಜನ ನಂಬಲಿಲ್ಲ. ಟಿವಿಯಲ್ಲಿ ಆಕೆ ಅಳಲಿಲ್ಲ, ಡಿಂಗೊ ಹೇಗೆ ತಿನ್ನುತ್ತದೆ ಎಂಬುದನ್ನು ಕೂಡ ನಿರ್ವಿಕಾರವಾಗಿ ವಿವರಿಸಿದಳು. ಹೆತ್ತ ತಾಯಿ ಹೀಗಿರುತ್ತಾಳೆಯೇ? ಕಾರಿನಲ್ಲಿ ಭ್ರೂಣ ಹಿಮೋಗ್ಲೋಬಿನ್ ಇರುವ ರಕ್ತ ಸಿಕ್ಕಿದೆ ಎಂದು ತಜ್ಞರು ಸಾಕ್ಷಿ ನುಡಿದರು. ಕೆಲವೇ ತಿಂಗಳ ಕೂಸುಗಳ ರಕ್ತದಲ್ಲಿ ಮಾತ್ರ ಇದು ಹೇರಳವಾಗಿರುತ್ತದೆ, ಆದ್ದರಿಂದ ಅದು ಮಗುವಿನ ರಕ್ತವೇ ಎಂಬ ತರ್ಕ. 1982ರಲ್ಲಿ ಗರ್ಭಿಣಿಯಾಗಿದ್ದ ಲಿಂಡಿಗೆ ಜೀವಾವಧಿ ಶಿಕ್ಷೆಯಾಯಿತು. ಜೈಲಿನಲ್ಲಿದ್ದಾಗಲೇ ಇನ್ನೊಂದು ಮಗು ಹುಟ್ಟಿತು.

ಆಮೇಲೆ ಗೊತ್ತಾದದ್ದೇನು? ಕಾರಿನ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಚಿಮ್ಮಿದ್ದ ‘ರಕ್ತ’ ರಕ್ತವೇ ಅಲ್ಲ. ಶಬ್ದ ಕಡಿಮೆ ಮಾಡಲು ಕಾರು ತಯಾರಿಸುವಾಗ ಬಳಿಯುವ ಲೇಪನ! 1986ರಲ್ಲಿ ಬಂಡೆಯ ಬಳಿ ಮಗುವಿನ ಪುಟ್ಟ ಮೇಲಂಗಿ ಸಿಕ್ಕಿತು, ಲಿಂಡಿಯ ಬಿಡುಗಡೆಯಾಯಿತು. 1988ರಲ್ಲಿ ಶಿಕ್ಷೆ ರದ್ದಾಯಿತು. ಡಿಂಗೊ ಒಯ್ದದ್ದೇ ನಿಜ ಎಂದು ಅಧಿಕೃತವಾಗಿ ದಾಖಲಾದದ್ದು 2012ರ ಜೂನ್ 12ರಂದು. ಅಷ್ಟರಲ್ಲಿ 32 ವರ್ಷ ಕಳೆದಿತ್ತು.

ಈ ಚಿತ್ರವನ್ನು ನಾನು ಮೊದಲು ನೋಡಿದ್ದು 1998ರಲ್ಲಿ, ಬಾಡಿಗೆ ಕ್ಯಾಸೆಟ್ಟಿನಲ್ಲಿ. ಆಗಲೂ ನನಗೆ ಪಟ್ಟಿ ಮಾಡುವ ಚಟ. ಆವರೆಗೆ ಆಕೆಗೆ ಬಂದಿದ್ದ ಹತ್ತು ನಾಮಿನೇಷನ್ನುಗಳಲ್ಲಿ ಇದಕ್ಕೆ ಹತ್ತನೆಯ ಸ್ಥಾನ ಕೊಟ್ಟಿದ್ದೆ. "ಈಕೆ ಕಲ್ಲು, ಮನಸ್ಸಿಗೆ ತಟ್ಟುವುದೇ ಇಲ್ಲ" ಎಂದು ಹೆಂಡತಿಗೆ ಹೇಳಿದ ನೆನಪಿದೆ. 2012ರಲ್ಲಿ ಆ ತೀರ್ಪಿನ ಸುದ್ದಿಯನ್ನು ಬೆಳಗಿನ ಕಾಫಿಯ ಜೊತೆ ಓದುತ್ತಿದ್ದಾಗ ನನ್ನ ಕಣ್ಣ ಮುಂದೆ ಬಂದದ್ದು ಲಿಂಡಿ ಅಲ್ಲ, ಸ್ಟ್ರೀಪ್ ಕೂಡ ಅಲ್ಲ.

1992ರಲ್ಲಿ ನಾನು ನಮ್ಮ ನಾಡಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್. ಒಂದು ರಾತ್ರಿ ಹಳ್ಳಿಯಿಂದ ಒಬ್ಬ ತಾಯಿ ನಾಲ್ಕು ವರ್ಷದ ಮಗನನ್ನು ಹೊತ್ತು ತಂದಳು. ಪಾನೀಯದ ಬಾಟಲಿಯಲ್ಲಿ ಹೊಲಕ್ಕೆ ಹೊಡೆಯುವ ಔಷಧಿ ತುಂಬಿಸಿಟ್ಟಿದ್ದರು, ಮಗು ಕುಡಿದಿತ್ತು. ಸೂಜಿಮೊನೆಯಷ್ಟಾದ ಕಣ್ಣಪಾಪೆ, ಬಾಯಲ್ಲಿ ಜೊಲ್ಲು, ಉಸಿರಿನಲ್ಲಿ ಔಷಧಿಯ ವಾಸನೆ. ಹೊಟ್ಟೆ ತೊಳೆದೆವು, ಅಟ್ರೋಪಿನ್ ಕೊಟ್ಟೆವು. ತಾಯಿ ಗೋಡೆಗೆ ಒರಗಿ ನಿಂತಿದ್ದಳು. ಅಳಲಿಲ್ಲ. ಎಷ್ಟು ಹೊತ್ತಿಗೆ, ಎಷ್ಟು ಕುಡಿದ, ಯಾರಿದ್ದರು ಎಂದರೆ ಶಾಲೆಯಲ್ಲಿ ಹಾಜರಿ ಹೇಳುವವಳಂತೆ ಉತ್ತರ ಕೊಟ್ಟಳು. ಪಕ್ಕದ ಹಾಸಿಗೆಯ ತಾಯಿ ಬರೀ ಜ್ವರಕ್ಕೆ ಎದೆ ಬಡಿದುಕೊಂಡು ಅಳುತ್ತಿದ್ದಳು. ವಿಷದ ಪ್ರಕರಣವಾದ್ದರಿಂದ ಪೊಲೀಸರಿಗೆ ತಿಳಿಸುವುದು ನಿಯಮ. ಅದರಲ್ಲಿ ನನ್ನ ತಪ್ಪಿಲ್ಲ. ಆದರೆ ಕೇಸ್ ಶೀಟಿನಲ್ಲಿ ನಾನು ಇಂಗ್ಲಿಷಿನಲ್ಲಿ ಒಂದು ಸಾಲು ಸೇರಿಸಿದೆ: ತಾಯಿಗೆ ಮಗುವಿನ ಬಗ್ಗೆ ಕಾಳಜಿ ಇದ್ದಂತೆ ಕಾಣುವುದಿಲ್ಲ.

ಇಪ್ಪತ್ತನಾಲ್ಕು ವರ್ಷದ ನನಗೆ ಆ ಸಾಲು ಬಹಳ ಚುರುಕಾದ ಗಮನಿಕೆ ಎನಿಸಿತ್ತು. ಪೊಲೀಸರೂ ಅದನ್ನು ಓದಿದರು. ಆಕೆಯನ್ನು ಎರಡು ದಿನ ಮತ್ತೆ ಮತ್ತೆ ಠಾಣೆಗೆ ಕರೆಸಿದರು. ಮೂರನೆಯ ದಿನ ಮಧ್ಯಾಹ್ನ ಮಗು ತೀರಿಕೊಂಡಾಗ ಆಕೆ ಅಲ್ಲೇ ಇದ್ದಳು, ಠಾಣೆಯ ಬೆಂಚಿನ ಮೇಲೆ. ವಾರ್ಡಿನ ಆಯಾ ನನಗೆ ಹೇಳಿದಳು, "ಆಕೆಗೆ ಇದು ಮೂರನೇದು ಸ್ವಾಮಿ. ಮೊದಲ ಎರಡಕ್ಕೇ ಅತ್ತು ಮುಗಿಸಿದ್ದಾಳೆ." ಸಂಜೆ ಆಕೆ ಬಂದಳು. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, "ನೀರು ಕೇಳಿದನಾ?" ಮಗುವಿಗೆ ಪ್ರಜ್ಞೆ ಇರಲಿಲ್ಲ, ಇಲ್ಲಮ್ಮ ಎಂದೆ. ಪ್ರಕರಣ ಆಕಸ್ಮಿಕ ಎಂದು ಮುಕ್ತಾಯವಾಯಿತು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

2012ರ ಆ ವಾರ ಚಿತ್ರವನ್ನು ಮತ್ತೆ ನೋಡಿದೆ. ಈ ಸಲ ಸ್ಟ್ರೀಪ್ ಏನು ಮಾಡಿದ್ದಾಳೆಂಬುದು ಕಂಡಿತು. ಸಾಮಾನ್ಯವಾಗಿ ನಟಿಯಾದವಳು ಪ್ರೇಕ್ಷಕರ ಅನುಕಂಪಕ್ಕೆ ಒಂದು ಕಿಂಡಿಯನ್ನಾದರೂ ತೆರೆದಿಡುತ್ತಾಳೆ. ಈಕೆ ಇಡುವುದಿಲ್ಲ. ಸಾಕ್ಷಿ ಕಟ್ಟೆಯಲ್ಲಿ ಆಕೆಯ ದನಿ ಚಪ್ಪಟೆ, ಸ್ವಲ್ಪ ಸಿಡುಕು. ನಿಮಗೆ ನನ್ನ ಮೇಲೆ ಅನುಮಾನ ಬರಬೇಕು, ಬಂದ ಮೇಲೆ ನಿಮಗೆ ನಾಚಿಕೆಯಾಗಬೇಕು ಎಂಬಂತಹ ನಟನೆ ಅದು. ಚಿತ್ರದಲ್ಲಿ ಆಗಾಗ ಊಟದ ಮೇಜಿನ ಸುತ್ತ, ಬಾರಿನಲ್ಲಿ ಕೂತ ಜನ ಆಕೆಯ ಮುಖಕ್ಕೆ ತೀರ್ಪು ಕೊಡುವ ತುಣುಕುಗಳು ಬರುತ್ತವೆ. ಆ ಮೇಜಿನಲ್ಲಿ ನನಗೂ ಒಂದು ಕುರ್ಚಿ ಇತ್ತು. ಆ ವರ್ಷದ ಆಸ್ಕರ್ ‘ದ ಅಕ್ಯೂಸ್ಡ್’ ಚಿತ್ರದ ಜೋಡಿ ಫಾಸ್ಟರಳ ಪಾಲಾಯಿತು. ಆದರೆ ಕಾನ್ ಚಿತ್ರೋತ್ಸವದಲ್ಲಿ ಸ್ಟ್ರೀಪ್‌ಗೆ ಇದೇ ಪಾತ್ರಕ್ಕೆ ಉತ್ತಮ ನಟಿ ಪ್ರಶಸ್ತಿ ಬಂತು.

ಆ ರಾತ್ರಿ ನಾನು ಇಷ್ಟನ್ನು ಹೇಳಲಿಲ್ಲ, ಲಿಂಡಿಯ ಕಥೆಯನ್ನಷ್ಟೇ ಚುಟುಕಾಗಿ ಹೇಳಿದೆ. ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡವರು ಮೈಸೂರಿನ ಅಮ್ಮನವರು. "ಅದನ್ನೇ ಅಲ್ಲವೇನಪ್ಪಾ ನಾನು ಆಗಿನಿಂದ ಹೇಳ್ತಿರೋದು? ‘ಶರಪಂಜರ’ದಲ್ಲಿ ಕಾವೇರಿ ನಕ್ಕರೂ ಹುಚ್ಚು, ಅತ್ತರೂ ಹುಚ್ಚು" ಎಂದರು. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ, 1971ರ ಚಿತ್ರ. ಬಾಣಂತನದಲ್ಲಿ ಮನಸ್ಸು ಕದಡಿ, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬಂದ ಹೆಂಗಸಿನ ಮುಖವನ್ನು ಮನೆಯವರೆಲ್ಲ ಸೇರಿ ಓದುತ್ತಾರೆ, ಓದಿ ಓದಿಯೇ ಆಕೆಯನ್ನು ಮತ್ತೆ ಆಸ್ಪತ್ರೆಗೆ ಕಳಿಸುತ್ತಾರೆ. ಅಸಿಂಧುವಾಗಿದ್ದ ಅವರ ಮತವನ್ನು ಸರ್ವಾನುಮತದಿಂದ ಸಿಂಧು ಮಾಡಿದೆವು. ಅಷ್ಟರಲ್ಲಿ ಟಿವಿಯಲ್ಲಿ ‘ನಾಟು ನಾಟು’ ಎಂದು ಕೂಗಿದರು, ನಾವೆಲ್ಲ ಎದ್ದು ಕುಣಿದೆವು. ಕುಣಿತದ ರಭಸಕ್ಕೆ ಪಾಯಸದ ಬಟ್ಟಲೊಂದು ಕಾರ್ಪೆಟ್ಟಿನ ಪಾಲಾಯಿತು.

ಈಗ ನನ್ನ ಕೈಕೆಳಗೆ ಕಲಿಯುವ ಕಿರಿಯ ವೈದ್ಯರಿಗೆ ನಾನೊಂದು ನಿಯಮ ಹೇಳುತ್ತೇನೆ. ಕಂಡದ್ದನ್ನು ಬರೆಯಿರಿ, ಅನಿಸಿದ್ದನ್ನು ಬರೆಯಬೇಡಿ. ‘ತಾಯಿಗೆ ಕಾಳಜಿ ಇಲ್ಲ’ ಎಂದಲ್ಲ. ‘ತಾಯಿ ಹಾಸಿಗೆಯ ಪಕ್ಕ ನಿಂತಿದ್ದಾರೆ, ಮಾತನಾಡುತ್ತಿಲ್ಲ’ ಎನ್ನಿ. ಯಾಕೆ ಸರ್ ಎಂದು ಅವರು ಕೇಳಿದರೆ ಇಷ್ಟು ದಿನ ‘ಅದು ಪದ್ಧತಿ’ ಎನ್ನುತ್ತಿದ್ದೆ. ಇನ್ನು ಮುಂದೆ ನಿಜವನ್ನೇ ಹೇಳಬೇಕೆಂದಿದ್ದೇನೆ.

ಓದುಗ ಮಿತ್ರರೇ, ಈ ಯುಗಾದಿಗೆ ಬೇವು ಬೆಲ್ಲ ತಿಂದ ಮೇಲೆ ನೀವೂ ಮನೆಮಂದಿಯೆಲ್ಲ ಕೂತು ಒಂದು ಚೀಟಿ ಬರೆದು ನೋಡಿ. ಸ್ಟ್ರೀಪ್ ಆಗಲೇಬೇಕೆಂದಿಲ್ಲ, ಕಲ್ಪನಾ ಆದರೂ ಸರಿ. ಮನೆಯವರ ಚೀಟಿಯಲ್ಲಿ ಮೊದಲು ಯಾವ ಹೆಸರಿದೆ ನೋಡಿ, ಯಾಕೆಂದು ಕೇಳಿ. ನಾನು ಹೆಂಡತಿಯನ್ನು ಕೇಳಿದ್ದು ಇಪ್ಪತ್ತಾರು ವರ್ಷ ತಡವಾಗಿ. ಪುಣ್ಯಕ್ಕೆ ಆಕೆ ಉತ್ತರ ಹೇಳಿದಳು.

ಎಲ್ಲರಿಗೂ ಯುಗಾದಿಯ ಹಾರ್ದಿಕ ಶುಭಾಶಯಗಳು. ಹೋಳಿಗೆ ಒಂದು ಸಾಕು, ತುಪ್ಪ ಸ್ವಲ್ಪ ಕಡಿಮೆ ಇರಲಿ!